ನಿಮ್ಮ ಕತ್ತಿಗೆ ಏನು ಬೇಕು?

ಪ್ರಿಯ ಗೆಳೆಯರೆ, ನಮಸ್ಕಾರ.

ನೀವು ಮಧುಗಿರಿಯಿಂದ ಕಳಿಸಿದ ಗೇಮ್ ಬರಹ ಓದಿದೆ. ಜೀವ ಇರುವ, ಮಾತಾಡುವ, ಯೋಚಿಸುವ ಒಂದು ಕತ್ತಿ. ಅದನ್ನು ಹಿಡಿದು ರಾಜ್ಯ ಉಳಿಸಲು ಹೊರಟ ಒಬ್ಬ ಹುಡುಗಿ. ಕತ್ತಿಯ ಹೆಸರು ರಕ್ತಾಕ್ಷ. ತುಮಕೂರು ಜಿಲ್ಲೆಯಿಂದ ನಮಗೆ ಕಥೆ, ಕವನ ಬರುತ್ತಲೇ ಇರುತ್ತವೆ. ವಿಡಿಯೋ ಗೇಮ್‌ಗೆ ಅಂತ ಕನ್ನಡದಲ್ಲಿ ಯೋಚಿಸಿ ಬರೆದದ್ದು ಬರುವುದು ಅಪರೂಪ. ಅದಕ್ಕೇ ಖುಷಿಯಿಂದ ಓದಿದೆ. ಆದರೆ ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ. ಇದರೊಳಗೆ ಒಂದು ಒಳ್ಳೆಯ ಆಟ ಇದೆ ಅನ್ನುವ ನಂಬಿಕೆ ನನಗಿದೆ.

ನಿಮ್ಮ ಇಪ್ಪತ್ತೆರಡು ಪುಟಗಳಲ್ಲಿ ಹದಿನಾಲ್ಕು ಪುಟ ಕತ್ತಿಯ ಇತಿಹಾಸಕ್ಕೇ ಹೋಗಿದೆ. ಯಾವ ರಾಜ ಅದನ್ನು ಹಿಡಿದ, ಯಾವ ಮಂತ್ರವಾದಿ ಅದರಲ್ಲಿ ಆತ್ಮ ತುಂಬಿದ, ಯಾವ ಯುದ್ಧದಲ್ಲಿ ಅದು ಕಣ್ಣು ತೆರೆಯಿತು ಎಲ್ಲವೂ ಇದೆ. ಆಟಗಾರ ಬಟನ್ ಒತ್ತಿದಾಗ ಏನಾಗುತ್ತದೆ ಅನ್ನುವುದಕ್ಕೆ ಮಾತ್ರ ಅರ್ಧ ಪುಟ. ಓದುವವರು ಕತ್ತಿಯ ಕಥೆ ಕೇಳಬಹುದು. ಆಡುವವರು ಅದನ್ನು ಕೈಯಲ್ಲಿ ಹಿಡಿಯಬೇಕು. ಅದಕ್ಕೆ ಜೀವ ಇದೆ ಅಂತ ಅವರಿಗೆ ಗೊತ್ತಾಗಬೇಕಾದದ್ದು ಕೈಗೇ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಿಮ್ಮ ಕತ್ತಿಗೆ ಕಣ್ಣಿದೆ, ಬಾಯಿದೆ, ಹಲ್ಲಿದೆ. ಆದರೆ ಅದಕ್ಕೆ ಏನೂ ಬೇಕಿಲ್ಲ.

'ರಕ್ತ ಬೇಕು ಅಂತ ಬರೆದಿದ್ದೇನಲ್ಲ' ಅಂತ ನೀವು ಹೇಳಬಹುದು. ಪರದೆಯ ಮೂಲೆಯಲ್ಲಿ ಒಂದು ಕೆಂಪು ಮೀಟರ್ ಇಟ್ಟಿದ್ದೀರಿ. ಅದು ಖಾಲಿಯಾದರೆ ಹುಡುಗಿಯ ಜೀವ ಇಳಿಯುತ್ತದೆ. ಶತ್ರುವನ್ನು ಹೊಡೆದರೆ ಮತ್ತೆ ತುಂಬುತ್ತದೆ. ಇದು ಬೈಕಿನ ಪೆಟ್ರೋಲ್ ಮೀಟರ್ ಇದ್ದ ಹಾಗೆ. ತುಂಬಿಸಬೇಕು, ಓಡಿಸಬೇಕು, ಅಷ್ಟೇ. ಅದೂ ಅಲ್ಲದೆ, ಇಂಥ ಆಟದಲ್ಲಿ ಆಟಗಾರ ಹೇಗೂ ಶತ್ರುಗಳನ್ನು ಹೊಡೆಯುತ್ತಲೇ ಇರುತ್ತಾನೆ. ಅವನು ಮಾಡುತ್ತಿರುವುದನ್ನೇ ಕತ್ತಿಯೂ ಕೇಳಿದರೆ ಇಬ್ಬರ ನಡುವೆ ಏನು ನಡೆಯುತ್ತದೆ? ಏನೂ ಇಲ್ಲ. ಕತ್ತಿಗೆ ಬೇಕಾದದ್ದು ಆಟಗಾರನಿಗೆ ಬೇಕಾದದ್ದಕ್ಕಿಂತ ಸ್ವಲ್ಪವಾದರೂ ಬೇರೆ ಇರಬೇಕು. ಆಗ ಅವರಿಬ್ಬರೂ ಒಬ್ಬರಿಗೊಬ್ಬರು ಒಗ್ಗಬೇಕಾಗುತ್ತದೆ, ಜಗಳ ಆಡಬೇಕಾಗುತ್ತದೆ, ಒಮ್ಮೊಮ್ಮೆ ಒಬ್ಬರು ಸೋಲಬೇಕಾಗುತ್ತದೆ.

ಇದು ನಿಮಗೂ ಗೊತ್ತಿದೆ ಅಂತ ಒಂಬತ್ತನೇ ಪುಟದಲ್ಲಿ ನನಗೆ ಕಾಣಿಸಿತು. ಅಲ್ಲಿ ಹುಡುಗಿ ದಾರಿಯಲ್ಲಿ ಸಿಕ್ಕ ಮೇಕೆಗೆ ಸೊಪ್ಪು ಕಡಿದು ಹಾಕುತ್ತಾಳೆ. ಕೈಯಲ್ಲಿ ಬೇರೇನೂ ಇಲ್ಲದ್ದಕ್ಕೆ ಅದೇ ಕತ್ತಿಯಿಂದ ಕಡಿಯುತ್ತಾಳೆ. ಅಲ್ಲಿಯವರೆಗೆ ಗದರುತ್ತಿದ್ದ ಕತ್ತಿ ಸುಮ್ಮನಾಗುತ್ತದೆ. ಆಮೇಲೆ 'ಇನ್ನೊಂದು ಕೊಂಬೆ' ಅನ್ನುತ್ತದೆ. ಎಷ್ಟು ಚೆನ್ನಾಗಿದೆ! ಇಡೀ ಬರಹದಲ್ಲಿ ಕತ್ತಿ ತನಗಾಗಿ ಏನನ್ನಾದರೂ ಕೇಳಿದ್ದು ಇದೊಂದೇ ಕಡೆ. ನೀವು ಎರಡೇ ಸಾಲಿನಲ್ಲಿ ಮುಗಿಸಿ ಮುಂದಿನ ಯುದ್ಧಕ್ಕೆ ಓಡಿದ್ದೀರಿ. ನನ್ನ ಪ್ರಕಾರ ನಿಮ್ಮ ಆಟ ಶುರುವಾಗುವುದೇ ಅಲ್ಲಿ. ಕೊಲ್ಲಲು ಮಾಡಿದ ಕತ್ತಿಗೆ ಸೊಪ್ಪು ಕಡಿಯುವ ಆಸೆ ಹುಟ್ಟಿದರೆ, ಅದನ್ನು ಹಿಡಿದವಳ ಗತಿ ಏನು? ಯುದ್ಧದ ನಡುವೆ ಅದು ಭಾರವಾಗಬಹುದು. ಅಥವಾ ಅದರ ಆಸೆ ನಡೆಸಿಕೊಟ್ಟವಳಿಗೆ ಹಗುರವಾಗಬಹುದು.

ಜೀವ ಇದೆ ಅಂದರೆ ಬೇಡ ಅನ್ನಲೂ ಬರಬೇಕು ಅಲ್ವಾ? ಆದರೆ ಗೇಮ್‌ನಲ್ಲಿ ಆಯುಧ ಬೇಡ ಅನ್ನುವುದು ತುಂಬ ನಾಜೂಕಾದ ಕೆಲಸ. ಬಟನ್ ಒತ್ತಿದಾಗ ಏನೂ ಆಗದಿದ್ದರೆ ಆಟಗಾರ 'ಕತ್ತಿಗೆ ಕೋಪ ಬಂದಿದೆ' ಅಂದುಕೊಳ್ಳುವುದಿಲ್ಲ, 'ಕಂಟ್ರೋಲರ್ ಹಾಳಾಗಿದೆ' ಅಂದುಕೊಳ್ಳುತ್ತಾನೆ. ಹಾಗಾಗಿ ನಿರಾಕರಣೆಗೆ ಮುಂಚೆ ಸೂಚನೆ ಬೇಕು. ಕತ್ತಿಯ ಹಿಡಿ ಕೈಯಲ್ಲಿ ಜಾರಲಿ, ಕಂಟ್ರೋಲರ್ ನಡುಗಲಿ, ಲೋಹದ ದನಿ ಬದಲಾಗಲಿ. ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಬಿಡಿ ಚಿತ್ರ, ಓಡುವ ಆಟದಲ್ಲಿ 12 ಫ್ರೇಮ್ ಅಂದರೆ ಸೆಕೆಂಡಿನ ಐದನೇ ಒಂದು ಭಾಗ. ಅದಕ್ಕಿಂತ ಚಿಕ್ಕ ಸೂಚನೆ ಕಣ್ಣಿಗೆ ಬಿದ್ದರೂ ಕೈ ಪ್ರತಿಕ್ರಿಯಿಸುವಷ್ಟರಲ್ಲಿ ಮುಗಿದು ಹೋಗಿರುತ್ತದೆ. ಇನ್ನೊಂದು ಮಾತು. ನೀವು ಬರೆದಿರುವ ಹಾಗೆ ಮೊದಲ ನಿರಾಕರಣೆ ಕೊನೆಯ ಬಾಸ್, ಅಂದರೆ ಆಟದ ಕೊನೆಯ ದೊಡ್ಡ ಶತ್ರುವಿನ ಎದುರು ಬರಬಾರದು. ಅಲ್ಲಿ ಸೋತ ಆಟಗಾರನಿಗೆ ಮೋಸ ಹೋದ ಹಾಗಾಗುತ್ತದೆ. ಮೊದಲನೆಯದು ಯಾರಿಗೂ ಅಪಾಯ ಇಲ್ಲದ ಜಾಗದಲ್ಲಿ ಆಗಲಿ. ಮೇಕೆಯ ದೃಶ್ಯದ ಪಕ್ಕದಲ್ಲೇ ಆಗಬಹುದು.

ರೂಪದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಿಡಿಯ ಮೇಲೆ ಕಣ್ಣು ಇಟ್ಟಿದ್ದೀರಿ. ಕತ್ತಿಯ ಮೇಲೆ ಕಣ್ಣು ಇಡುವುದನ್ನು 'ಸೋಲ್‌ಕ್ಯಾಲಿಬರ್' ಆಟಗಳ ಕತ್ತಿಯಲ್ಲಿ 1990ರ ದಶಕದಿಂದಲೇ ಜನ ನೋಡಿದ್ದಾರೆ. ಅದಕ್ಕಿಂತ ದೊಡ್ಡ ತೊಂದರೆ ಏನೆಂದರೆ, ಹುಡುಗಿ ಕತ್ತಿ ಹಿಡಿದ ತಕ್ಷಣ ಅವಳ ಮುಷ್ಟಿಯೇ ಆ ಕಣ್ಣನ್ನು ಮುಚ್ಚುತ್ತದೆ. ಮೊಬೈಲ್‌ನಲ್ಲಿ ಆಡುವವರಿಗಂತೂ ಅದು ಕಾಣುವುದೇ ಇಲ್ಲ. ಜೀವವನ್ನು ಚಲನೆಯಲ್ಲಿ ತೋರಿಸಿ. ಸೊಂಟದಲ್ಲಿ ತೂಗುವಾಗ ತನಗೆ ಇಷ್ಟವಾದ ಕಡೆಗೆ ಅದು ವಾಲಲಿ. ಆದರೆ ಹೊಡೆಯುವ ಹೊತ್ತಿನಲ್ಲಿ ಅಲಗು ಹಾವಿನ ಹಾಗೆ ಹೊರಳುವುದು ಬೇಡ. ಏಟು ಎಲ್ಲಿಗೆ ಬೀಳುತ್ತದೆ ಅನ್ನುವ ಹಿಟ್‌ಬಾಕ್ಸ್ ಪ್ರತಿ ಸಲವೂ ಒಂದೇ ಇರಬೇಕು, ಇಲ್ಲದಿದ್ದರೆ ಆಡುವವರಿಗೆ ಕೈ ಕೂರುವುದೇ ಇಲ್ಲ.

ಮಾತಿನ ವಿಷಯಕ್ಕೆ ಸ್ವಲ್ಪ ಸಮಯ ಕೊಡಬೇಕು. ಶತ್ರು ಸತ್ತಾಗ ಕತ್ತಿ ಹೇಳಲು ಎಂಟು ಡೈಲಾಗ್ ಬರೆದಿದ್ದೀರಿ. ಒಂದು ಲೆವೆಲ್‌ನಲ್ಲೇ ನಲವತ್ತು ಶತ್ರುಗಳು. ಅಂದರೆ ಅದೇ ಮಾತನ್ನು ಐದೈದು ಸಲ ಕೇಳಬೇಕು. ಎರಡನೇ ಲೆವೆಲ್‌ಗೆ ಹೋಗುವಷ್ಟರಲ್ಲಿ ಜನ ದನಿ ಆಫ್ ಮಾಡಿರುತ್ತಾರೆ. 2011ರಲ್ಲಿ ಬಂದ ಜೆಲ್ಡಾ ಸರಣಿಯ 'ಸ್ಕೈವರ್ಡ್ ಸ್ವೋರ್ಡ್' ಆಟದಲ್ಲಿ ಕತ್ತಿಯೊಳಗೆ ಫೈ ಎಂಬ ಒಂದು ಜೀವ ಇತ್ತು. ಕಂಟ್ರೋಲರ್ ಬ್ಯಾಟರಿ ಕಮ್ಮಿಯಾಗಿದೆ ಅಂತ ಹೇಳಲೂ ಅದು ಆಟ ನಿಲ್ಲಿಸಿ ಎದುರು ಬರುತ್ತಿತ್ತು. ಜನ ಬೇಸತ್ತರು. 2021ರಲ್ಲಿ ಆಟವನ್ನು ಹೊಸದಾಗಿ ಹೊರತಂದಾಗ ಆ ಸಲಹೆಗಳಲ್ಲಿ ಹೆಚ್ಚಿನವನ್ನು ಬೇಕಾದರೆ ಮಾತ್ರ ಕೇಳುವ ಹಾಗೆ ಬದಲಿಸಿದರು. ಇದಕ್ಕೆ ಎದುರಾಗಿ 2014ರ 'ಟ್ರಾನ್ಸಿಸ್ಟರ್' ನೋಡಿ. ಅಲ್ಲಿ ಕತ್ತಿ ಆಟದುದ್ದಕ್ಕೂ ಮಾತಾಡುತ್ತದೆ, ಆದರೂ ಬೇಸರ ಆಗುವುದಿಲ್ಲ. ಕತ್ತಿಯೊಳಗಿನ ದನಿ ನಾಯಕಿಗೆ ಹತ್ತಿರದವನದು. ನಾಯಕಿ ಹಾಡುಗಾರ್ತಿ, ಅವಳ ದನಿಯನ್ನೇ ಕಸಿದಿದ್ದಾರೆ. ಅವನು ಮಾತಾಡುತ್ತಾನೆ, ಅವಳು ಬಾಯಿಬಿಟ್ಟು ಉತ್ತರ ಕೊಡಲಾರಳು. ಒಂದು ಬಟನ್ ಒತ್ತಿದರೆ ಅವಳು ನಿಂತು ಗುನುಗುತ್ತಾಳೆ. ಕತ್ತಿ ಯಾಕೆ ಮಾತಾಡಬೇಕು ಅನ್ನುವುದಕ್ಕೆ ಆ ಆಟದಲ್ಲಿ ಕಾರಣ ಇದೆ. ರಕ್ತಾಕ್ಷನಿಗೂ ಅಂಥದ್ದೊಂದು ಕಾರಣ ಹುಡುಕಿ.

ಆ ಎಂಟು ಡೈಲಾಗ್ ತೆಗೆದುಬಿಡಿ. ಅದರ ಬದಲು ಕತ್ತಿಗೆ ನೆನಪು ಕೊಡಿ. ಒಬ್ಬರೇ ಕೂತು ಮಾಡುವ ಆಟಕ್ಕೂ ಇದು ಕಷ್ಟವಲ್ಲ. ಮೊದಲ ಸಲ ಯಾರ ಮೇಲೆ ಎತ್ತಿದಳು, ಕೈ ಮುಗಿದವನನ್ನು ಬಿಟ್ಟಳೋ ಕಡಿದಳೋ, ಮಳೆಯಲ್ಲಿ ನೆನೆದ ಮೇಲೆ ಒರೆಸಿದಳೋ ಇಲ್ಲವೋ. ಇಂಥ ನಾಲ್ಕೈದು ಸಣ್ಣ ಸಂಗತಿಗಳನ್ನು ಆಟ ಉಳಿಸಿಕೊಂಡರೆ ಸಾಕು. ಎಷ್ಟೋ ಹೊತ್ತು ಸುಮ್ಮನಿದ್ದ ಕತ್ತಿ ಮೂರನೇ ಲೆವೆಲ್‌ನಲ್ಲಿ 'ಅವತ್ತು ನನ್ನನ್ನು ಒರೆಸಲಿಲ್ಲ' ಅಂದರೆ ಆಡುವವರ ಎದೆ ಝಲ್ ಅನ್ನುತ್ತದೆ. ಮಾತಿನ ವರಸೆಗೆ ವೀರಗಾಸೆ ಕುಣಿತದ ನಡುವೆ ಹೇಳುವ ಒಡಪು ಕೇಳಿ. ಕುಣಿಯುವವರ ಕೈಯಲ್ಲಿ ಕತ್ತಿ, ಒಬ್ಬರ ಬಾಯಲ್ಲಿ ಒಡಪು. ಉಸಿರಿಗೊಂದು ತುಂಡು ಮಾತು, ಆಮೇಲೆ ವಾದ್ಯ. ನಿಮ್ಮ ಕತ್ತಿ ಈಗ ಡಬ್ಬಿಂಗ್ ಸಿನಿಮಾದ ವಿಲನ್ ಥರ ಮಾತಾಡುತ್ತಿದೆ. ಈ ನೆಲದಲ್ಲಿ ಕತ್ತಿ ಹಿಡಿದವರು ಹೇಗೆ ಮಾತಾಡುತ್ತಾರೆ ಅನ್ನುವುದು ನಿಮ್ಮ ಜಾತ್ರೆಗಳಲ್ಲೇ ಕೇಳಲು ಸಿಗುತ್ತದೆ.

ಕತ್ತಿ ಹುಟ್ಟಿದ ಬಗೆಯೂ ನನಗೆ ಒಪ್ಪಿಗೆ ಆಗಲಿಲ್ಲ. ಹಿಮದ ಬೆಟ್ಟದ ಮೇಲೆ ನಕ್ಷತ್ರ ಬಿದ್ದು ಅದರಿಂದ ಕತ್ತಿ ಆಯಿತು ಅಂತ ಬರೆದಿದ್ದೀರಿ. ಮಧುಗಿರಿ ಸೀಮೆಯಲ್ಲಿ ಹಿಂದೆ ಉಕ್ಕು ಮಾಡುತ್ತಿದ್ದರು. 1800ರಲ್ಲಿ ಈ ಕಡೆ ಸುತ್ತಿದ ಫ್ರಾನ್ಸಿಸ್ ಬುಕನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಇಲ್ಲಿನ ಕುಲುಮೆಗಳನ್ನು ನೋಡಿ ಬರೆದಿದ್ದಾನೆ. ಹಳ್ಳದ ಕಪ್ಪು ಮರಳನ್ನು ತೊಳೆದು, ಇದ್ದಿಲ ಜೊತೆ ಕರಗಿಸಿ ಕಬ್ಬಿಣ ಮಾಡುತ್ತಿದ್ದರು. ಉಕ್ಕು ಬೇಕಾದಾಗ ಆ ಕಬ್ಬಿಣದ ತುಂಡನ್ನು ಮಣ್ಣಿನ ಮೂಸೆಯಲ್ಲಿಟ್ಟು, ಜೊತೆಗೆ ತಂಗಡಿ ಗಿಡದ ಕಡ್ಡಿ, ಒಂದೆರಡು ಹಸಿ ಎಲೆ ಹಾಕಿ, ಬಾಯಿಗೆ ಮಣ್ಣು ಮೆತ್ತಿ ಕಾಯಿಸುತ್ತಿದ್ದರು. ಗಿಡದ ಇಂಗಾಲ ಕಬ್ಬಿಣದೊಳಗೆ ಇಳಿದು ಉಕ್ಕಾಗುತ್ತಿತ್ತು. ಹಳದಿ ಹೂವಿನ ಅದೇ ತಂಗಡಿ ನಿಮ್ಮೂರಿನ ಬಯಲಲ್ಲಿ ಇವತ್ತೂ ಇದೆ. ಈಗ ಒಂಬತ್ತನೇ ಪುಟಕ್ಕೆ ಹೋಗಿ. ಕತ್ತಿಗೆ ಸೊಪ್ಪಿನ ಮೇಲೆ ಯಾಕೆ ಆಸೆ? ಅದರೊಳಗೆ ಗಿಡ ಇದೆ. ಮಂತ್ರವಾದಿಯೂ ಬೇಡ, ನಕ್ಷತ್ರವೂ ಬೇಡ. ಹದಿನಾಲ್ಕು ಪುಟದ ಇತಿಹಾಸ ಒಂದು ಮೂಸೆಯೊಳಗೆ ಹಿಡಿಯುತ್ತದೆ.

ಆಯುಧಪೂಜೆಯನ್ನೂ ಯೋಚಿಸಿ. ಗ್ಯಾರೇಜಿನ ಸ್ಪ್ಯಾನರ್‌ನಿಂದ ಟ್ರ್ಯಾಕ್ಟರ್‌ವರೆಗೆ ತೊಳೆದು, ಕುಂಕುಮ ಇಟ್ಟು, ಬೂದುಗುಂಬಳ ಒಡೆಯುತ್ತೇವೆ. ಪೂಜೆಗೆ ಇಟ್ಟ ಆಯುಧವನ್ನು ಅವತ್ತು ಕೆಲಸಕ್ಕೆ ಎತ್ತುವುದಿಲ್ಲ. ಆಯುಧಕ್ಕೂ ಒಂದು ದಿನ ಬಿಡುವು ಕೊಡಬೇಕು ಅನ್ನುವ ಈ ಪದ್ಧತಿ ನಿಮಗೆ ಸಿದ್ಧವಾಗಿ ಸಿಕ್ಕ ಲೆವೆಲ್. ಕತ್ತಿ ಪೂಜೆಯಲ್ಲಿದೆ, ಶತ್ರು ಮಧುಗಿರಿಯ ಏಕಶಿಲಾ ಬೆಟ್ಟ ಹತ್ತುತ್ತಿದ್ದಾನೆ, ಹುಡುಗಿಯ ಕೈ ಖಾಲಿ. ಎತ್ತಬಹುದು. ಆದರೆ ಎತ್ತಿದರೆ ಕತ್ತಿ ಅದನ್ನು ಮರೆಯುವುದಿಲ್ಲ.

ಕೊನೆಯಲ್ಲಿ ಕತ್ತಿ ಹುಡುಗಿಗಾಗಿ ಪ್ರಾಣ ಕೊಡುವ ದೃಶ್ಯ ನನ್ನನ್ನು ತಟ್ಟಲಿಲ್ಲ. ಕೊನೆಯ ಬಾಸ್‌ವರೆಗೆ ಒಮ್ಮೆಯೂ ಬೇಡ ಅನ್ನದವರ ತ್ಯಾಗ ಬರೀ ಆಜ್ಞೆ ಪಾಲಿಸಿದ ಹಾಗೆ ಕಾಣುತ್ತದೆ. ಮೊದಲು ಮೇಲಿನದೆಲ್ಲ ಸರಿಹೋಗಲಿ. ಆಗ ಈ ಅಂತ್ಯ ಬೇಕೋ ಬೇಡವೋ ನಿಮಗೇ ಗೊತ್ತಾಗುತ್ತದೆ.

ಮುಂದಿನ ಸಲ ಆರು ಪುಟ ಮೀರದ ಹಾಗೆ ಬರೆದು ಕಳಿಸಿ. ಇತಿಹಾಸಕ್ಕೆ ಅರ್ಧ ಪುಟ ಸಾಕು. ಬರೆಯುವ ಮುಂಚೆ ಒಂದು ಚಿಕ್ಕ ಮಾದರಿ ಮಾಡಿ. ಚಿತ್ರ ಬೇಡ, ಹುಡುಗಿಯ ಜಾಗದಲ್ಲಿ ಒಂದು ಚೌಕ, ಕತ್ತಿಯ ಜಾಗದಲ್ಲಿ ಒಂದು ಗೆರೆ ಇದ್ದರೆ ಸಾಕು. ಆ ಗೆರೆ ಒಮ್ಮೆ ಬೇಡ ಅನ್ನಲಿ. ಗೇಮ್ ಆಡುವ ಗೆಳೆಯರೊಬ್ಬರ ಕೈಗೆ ಕೊಡಿ, ಏನೂ ವಿವರಿಸಬೇಡಿ. 'ಕೆಟ್ಟು ಹೋಗಿದೆ' ಅಂದರೆ ಸೂಚನೆ ತಿದ್ದಿ, ಮತ್ತೆ ಕೊಡಿ. 'ಇದಕ್ಕೇನಾಯ್ತು?' ಅಂತ ಕೇಳಿದ ದಿನ ನನಗೆ ಬರೆಯಿರಿ.

ವಿಶ್ವಾಸದಿಂದ,
ಸಂಪಾದಕ