ಮಂಗನ ಕಾಯಿಲೆಗೆ ಫೋನ್ ಡಾಕ್ಟರು ಸಾಕಾ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಸಾಗರ ತಾಲೂಕಿನ ಶರಾವತಿ ಹಿನ್ನೀರಿನ ಆಚೆಯ ಊರು. ಆಸ್ಪತ್ರೆಗೆ ಹೋಗಬೇಕಂದ್ರೆ ಲಾಂಚು, ಬಸ್ಸು ಎಲ್ಲಾ ಆಗಬೇಕು. ಜ್ವರ ಬಂದ್ರೆ ಇ-ಸಂಜೀವಿನಿಯಲ್ಲಿ (ಸರ್ಕಾರದ ಫೋನ್-ವಿಡಿಯೊ ವೈದ್ಯ ಸೇವೆ) ಡಾಕ್ಟರ ಹತ್ರ ಮಾತಾಡಿ ಅಂತಾರೆ ಆಶಾ. ಮಂಗನ ಕಾಯಿಲೆಗೂ ಅದು ಸಾಕಾ? ಲಸಿಕೆ ಏನಾಯ್ತು?
– ಗೃಹಿಣಿ, ಸಾಗರ ತಾಲೂಕು

ಉತ್ತರ: ಸಾಕಾಗಲ್ಲ ತಾಯಿ. ಹಾಗಂತ ಬಿಡಬೇಡಿ.

ಫೋನಿನಲ್ಲಿ ರಕ್ತ ತೆಗೆಯೋಕೆ ಬರಲ್ಲ ಅಲ್ವಾ? ಕಾಡಿನ ಉಣುಗು (ಉಣ್ಣೆ) ಕಚ್ಚಿ ಬರೋ ಈ ವೈರಸ್ ಕಾಯಿಲೆ ಗೊತ್ತಾಗೋದು ರಕ್ತದಿಂದ. ಆರ್‌ಟಿಪಿಸಿಆರ್‌ನಲ್ಲಿ ವೈರಸ್ ಸಿಗೋ ಸಾಧ್ಯತೆ ಜ್ವರದ ಮೊದಲ ದಿನಗಳಲ್ಲೇ ಜಾಸ್ತಿ. ಕಾಯಿಲೆಗೇ ಅಂತ ಬೇರೆ ಔಷಧಿ ಇಲ್ಲ, ಆರೈಕೆಯೇ ಚಿಕಿತ್ಸೆ. ಆದ್ದರಿಂದ ಫೋನಿನ ಡಾಕ್ಟರಿಂದ ಆಗಬೇಕಾದ ಕೆಲಸ ಒಂದೇ: ಯಾರನ್ನು, ಎಷ್ಟು ಬೇಗ ಕಳಿಸಬೇಕು ಅಂತ ಹೇಳೋದು. ಅದಕ್ಕೆ ಅವರಿಗೆ ನಿಮ್ಮ ಊರು ಗೊತ್ತಿರಬೇಕು. ಬೆಂಗಳೂರಲ್ಲಿ ಕೂತ ಡಾಕ್ಟರು ನೀವು ದರಗು (ಒಣ ಎಲೆ) ತರೋಕೆ ಕಾಡಿಗೆ ಹೋಗಿದ್ರಾ ಅಂತ ಕೇಳದೇ ಇರಬಹುದು. ನೀವೇ ಹೇಳಿ: "ಕಾಡಿಗೆ ಹೋಗಿದ್ದೆ, ಉಣುಗು ಕಚ್ಚಿದೆ, ಪಕ್ಕದಲ್ಲಿ ಮಂಗ ಸತ್ತಿತ್ತು." ಈ ಮೂರು ಮಾತಿಗೆ ವಿಡಿಯೊಗಿಂತ ಬೆಲೆ ಜಾಸ್ತಿ.

ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತಬೇಡಿ. ಹತ್ತಿರದ ಆಯುಷ್ಮಾನ್ ಆರೋಗ್ಯ ಮಂದಿರಕ್ಕೆ ಹೋಗಿ. ಅಲ್ಲಿನ ಸಮುದಾಯ ಆರೋಗ್ಯ ಅಧಿಕಾರಿ ಜ್ವರ, ಬಿಪಿ ನೋಡಿ ತಾವೇ ಡಾಕ್ಟರಿಗೆ ಕರೆ ಹಚ್ಚುತ್ತಾರೆ. ಪ್ಯಾರಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಬೇಡ, ರಕ್ತಸ್ರಾವ ಹೆಚ್ಚಬಹುದು. ವಸಡಲ್ಲಿ ರಕ್ತ, ಕಪ್ಪು ಮಲ, ನಿಲ್ಲದ ವಾಂತಿ, ಮಂಪರು ಕಂಡರೆ ಕರೆ ಗಿರೆ ಬಿಟ್ಟು 108ಕ್ಕೆ ಫೋನ್ ಮಾಡಿ. ಜ್ವರ ಬಿಟ್ಟು ವಾರವಾದ ಮೇಲೆ ಮತ್ತೆ ಬಂದು ತಲೆನೋವು, ನಡುಕ ಶುರುವಾದರೂ ಅಷ್ಟೇ. ಕೆಲವರಿಗೆ ಅದು ಎರಡನೇ ಸುತ್ತು.

ನನ್ನ ಕೇಳಿದರೆ ನಿಮ್ಮ ಮೊಬೈಲಿನ ದೊಡ್ಡ ಉಪಯೋಗ ಜ್ವರ ಬರೋಕೆ ಮುಂಚೆ. ಸತ್ತ ಮಂಗ ಕಂಡರೆ ಮುಟ್ಟಬೇಡಿ. ದೂರದಿಂದಲೇ ಫೋಟೊ ತೆಗೆದು, ಲೊಕೇಶನ್ ಸಮೇತ ಆಶಾಗೆ ಕಳಿಸಿ. ಮಂಗ ಸತ್ತ ಜಾಗದಲ್ಲಿ ಉಣುಗು ಚೆಲ್ಲಿಕೊಂಡಿರುತ್ತವೆ. ಸುದ್ದಿ ಬೇಗ ಮುಟ್ಟಿದರೆ ಸುತ್ತ ಉಣುಗು ಸಾಯಿಸೋ ಮೆಲಾಥಿಯಾನ್ ಪುಡಿ ಹಾಕಿಸಬಹುದು, ಜನರನ್ನು ಆ ಕಡೆ ಬಿಡದೆ ತಡೆಯಬಹುದು. ನಿಮ್ಮದೇ ತಾಲೂಕಿನ ಅರಳಗೋಡು ಭಾಗದಲ್ಲಿ 2019ರ ಹೊತ್ತಿಗೆ ಈ ಕಾಯಿಲೆಗೆ ಎಷ್ಟು ಜೀವ ಹೋದವು ಅನ್ನೋದು ನಿಮಗೆ ನಾನು ಹೇಳಬೇಕಿಲ್ಲ.

ಇನ್ನು ಲಸಿಕೆ. ಹಳೆಯದನ್ನು 2022ರಲ್ಲಿ ನಿಲ್ಲಿಸಿದ್ದಾರೆ, ಅದರ ಕಾವಲು ಮೊದಲೇ ಅಷ್ಟಕ್ಕಷ್ಟೆ ಇತ್ತು. ಹಾಗಾಗಿ ಕಾಡಿಗೆ ಹೋಗುವ ಮುಂಚೆ ಆರೋಗ್ಯ ಇಲಾಖೆಯವರು ಕೊಡುವ, ಉಣುಗು ಹತ್ತದಂತೆ ತಡೆಯುವ ಡೀಪಾ ಎಣ್ಣೆ ಕೈಕಾಲಿಗೆ ಹಚ್ಚಿಕೊಳ್ಳಿ. ಬಂದ ಮೇಲೆ ಬಿಸಿನೀರಿನ ಸ್ನಾನ, ಬಟ್ಟೆ ಸೀದಾ ನೀರಿಗೆ.