ಪ್ಯಾಕೇಜ್ ಒಂದು, ಲೈಸೆನ್ಸ್ ನಾಲ್ಕು: ನಮ್ಮದು ಯಾವುದು?

ಪ್ರಶ್ನೆ: ನಮ್ಮ ವಿಡಿಯೊ ಆ್ಯಪ್ ಜೊತೆ ಎಫ್‌ಎಫ್‌ಎಂಪೆಗ್ (ವಿಡಿಯೊ-ಆಡಿಯೊ ಸಂಸ್ಕರಿಸುವ ಮುಕ್ತ ತಂತ್ರಾಂಶ) ಸೇರಿಸಿ ಗ್ರಾಹಕರಿಗೆ ಕೊಡುತ್ತೇವೆ. ಅದರ ಸೋರ್ಸ್ ಫೋಲ್ಡರಿನಲ್ಲಿ ಜಿಪಿಎಲ್ 2, ಜಿಪಿಎಲ್ 3, ಎಲ್‌ಜಿಪಿಎಲ್ 2.1, ಎಲ್‌ಜಿಪಿಎಲ್ 3 ಎಂದು ನಾಲ್ಕು ‘ಕಾಪಿಯಿಂಗ್’ (ಲೈಸೆನ್ಸ್ ಪಠ್ಯದ) ಫೈಲುಗಳಿವೆ. ನಮಗೆ ಅನ್ವಯಿಸುವುದು ಯಾವುದು? ನಮ್ಮ ಆ್ಯಪ್‌ನ ಸೋರ್ಸನ್ನೂ ಕೊಡಬೇಕೆ?
— ಓದುಗರು, ಹುಬ್ಬಳ್ಳಿ

ಉತ್ತರ: ಅದು ನೀವು ಬಿಲ್ಡ್ ಮಾಡಿದ, ಅಂದರೆ ಸೋರ್ಸಿನಿಂದ ಓಡುವ ಪ್ರೋಗ್ರಾಂ (ಬೈನರಿ) ತಯಾರಿಸಿದ ರೀತಿಯ ಮೇಲೆ ನಿಂತಿದೆ. ಆ ಫೋಲ್ಡರನ್ನು ಎಷ್ಟು ಹೊತ್ತು ನೋಡಿದರೂ ಉತ್ತರ ಸಿಗುವುದಿಲ್ಲ. ಜಿಪಿಎಲ್ ಎಂದರೆ ಅದರ ಕೋಡ್ ಸೇರಿಸಿ ಹಂಚುವ ಪ್ರೋಗ್ರಾಂನ ಸೋರ್ಸನ್ನೂ ಕೊಡಬೇಕೆನ್ನುವ ಲೈಸೆನ್ಸ್, ಎಲ್‌ಜಿಪಿಎಲ್ ಅದರ ಸಡಿಲ ರೂಪ. ಯಾವ ಹೆಚ್ಚುವರಿ ಆಯ್ಕೆಯನ್ನೂ ಕೊಡದೆ ಕಾನ್ಫಿಗರ್ (ಬಿಲ್ಡಿಗೆ ಮುಂಚಿನ ಹೊಂದಾಣಿಕೆ) ಮಾಡಿದರೆ ಬರುವುದು ಎಲ್‌ಜಿಪಿಎಲ್ 2.1 ಅಥವಾ ನಂತರದ್ದು. ಒಳಗೆ ಎಂಐಟಿ, ಬಿಎಸ್‌ಡಿ ಮಾದರಿಯ ಸಡಿಲ ಲೈಸೆನ್ಸಿನ ಫೈಲುಗಳೂ ಇವೆ. ಅವು ಎಲ್‌ಜಿಪಿಎಲ್ ಜೊತೆ ಹೊಂದಿಕೊಳ್ಳುತ್ತವೆ, ಅವುಗಳ ಕಾಪಿರೈಟ್ ಸಾಲುಗಳನ್ನು ಮಾತ್ರ ಅಳಿಸುವಂತಿಲ್ಲ.

ಎಚ್.264 ಎಂಬ ವಿಡಿಯೊ ಮಾದರಿಯ ಎನ್‌ಕೋಡಿಂಗ್‌ಗೆಂದು ಎಕ್ಸ್264 ಲೈಬ್ರರಿ ಸೇರಿಸಲು ‘ಎನೇಬಲ್-ಜಿಪಿಎಲ್’ ಕೊಡಲೇಬೇಕು. ಕೊಟ್ಟ ಕೂಡಲೇ ಇಡೀ ಬಿಲ್ಡ್ ಜಿಪಿಎಲ್ 2 ಅಥವಾ ನಂತರದ್ದಾಗುತ್ತದೆ. ಹೊರಗಿನ ಲೈಬ್ರರಿಗಳಷ್ಟೇ ಇದಕ್ಕೆ ಕಾರಣವೆಂದುಕೊಳ್ಳಬೇಡಿ: ಲೋಗೊ ಮರೆಮಾಡುವ ಡಿಲೋಗೊ, ಬ್ರೈಟ್‌ನೆಸ್-ಕಾಂಟ್ರಾಸ್ಟ್ ಹೊಂದಿಸುವ ಇಕ್ಯೂ ಮುಂತಾದ ಅದರದೇ ಫಿಲ್ಟರುಗಳೂ ಜಿಪಿಎಲ್‌ನವು. ಅಪಾಚೆ 2.0 ಲೈಸೆನ್ಸಿನ ಎಎಂಆರ್ (ಮಾತಿನ ಆಡಿಯೊ ಮಾದರಿ) ಲೈಬ್ರರಿಗಳನ್ನು ಹಾಕಿದರೆ ‘ಎನೇಬಲ್-ವರ್ಷನ್3’ ಬೇಕು, ಏಕೆಂದರೆ ಅಪಾಚೆ 2.0 ಜಿಪಿಎಲ್ 2ರ ಜೊತೆ ಕೂಡುವುದಿಲ್ಲ, 3ರ ಜೊತೆ ಕೂಡುತ್ತದೆ. ಎಕ್ಸ್264 ಮತ್ತು ಎಫ್‌ಡಿಕೆ-ಎಎಸಿ (ಆಡಿಯೊ ಲೈಬ್ರರಿ) ಎರಡನ್ನೂ ಒಟ್ಟಿಗೆ ಹಾಕಲು ‘ಎನೇಬಲ್-ನಾನ್‌ಫ್ರೀ’ ಬೇಕಾಗುತ್ತದೆ. ಆ ಬೈನರಿಯನ್ನು ನೀವು ಬಳಸಬಹುದು, ಯಾರಿಗೂ ಹಂಚುವಂತಿಲ್ಲ.

ಕೈಯಲ್ಲಿರುವ ಬೈನರಿ ಯಾವುದೆಂದು ತಿಳಿಯುವುದು ಸುಲಭ. ಟರ್ಮಿನಲ್‌ನಲ್ಲಿ ಎಫ್‌ಎಫ್‌ಎಂಪೆಗ್ ಎಂದು ಬರೆದು, ಜಾಗ ಬಿಟ್ಟು, ಅಡ್ಡಗೆರೆಗೆ ಅಂಟಿಸಿ ದೊಡ್ಡಕ್ಷರದ ‘ಎಲ್’ ಒತ್ತಿ. ಅದೇ ತನ್ನ ಲೈಸೆನ್ಸನ್ನು ಹೇಳುತ್ತದೆ. ‘ಎಲ್’ ಬದಲು ‘ಬಿಲ್ಡ್‌ಕಾನ್ಫ್’ ಕೊಟ್ಟರೆ ಕಾನ್ಫಿಗರ್ ಸಾಲುಗಳು ಕಾಣುತ್ತವೆ. ಇಂಟರ್‌ನೆಟ್‌ನಿಂದ ಸಿದ್ಧ ಬೈನರಿ ಇಳಿಸಿಕೊಂಡಿದ್ದರೆ ಈ ಪರೀಕ್ಷೆ ತಪ್ಪಿಸಲೇಬೇಡಿ. ಅಂಥ ಹಲವು ಬೈನರಿಗಳಲ್ಲಿ ಎಕ್ಸ್264 ಮೊದಲೇ ಸೇರಿರುತ್ತದೆ.

ಇನ್ನು ನಿಮ್ಮ ಆ್ಯಪ್. ಎಲ್‌ಜಿಪಿಎಲ್ ಬಿಲ್ಡನ್ನು ಡೈನಾಮಿಕ್ ಲಿಂಕ್ ಮಾಡಿದರೆ (ಆ್ಯಪ್‌ನೊಳಗೆ ಬೆರೆಸದೆ, ಪ್ರತ್ಯೇಕ ಫೈಲಾಗಿಟ್ಟು ಓಡುವಾಗ ಜೋಡಿಸಿದರೆ) ನಿಮ್ಮ ಸೋರ್ಸ್ ನಿಮ್ಮಲ್ಲೇ ಇರಲಿ. ಆದರೆ ನೀವು ಬಳಸಿದ ಅದೇ ಆವೃತ್ತಿಯ ಎಫ್‌ಎಫ್‌ಎಂಪೆಗ್ ಸೋರ್ಸ್, ನಿಮ್ಮ ತಿದ್ದುಪಡಿಗಳು, ಕಾನ್ಫಿಗರ್ ಸಾಲು, ಲೈಸೆನ್ಸ್ ಪಠ್ಯ ಗ್ರಾಹಕರಿಗೆ ಸಿಗಬೇಕು. ‘ರಿವರ್ಸ್ ಎಂಜಿನಿಯರಿಂಗ್ ಮಾಡಕೂಡದು’ ಎಂಬ ಸಾಲು ನಿಮ್ಮ ಗ್ರಾಹಕ ಒಪ್ಪಂದದಲ್ಲಿ ಹಾಗೇ ಉಳಿದಿದ್ದರೆ ಅದು ಎಲ್‌ಜಿಪಿಎಲ್ 2.1ರ 6ನೇ ವಿಧಿಗೆ ಅಡ್ಡ ಬರುತ್ತದೆ. ಸಿದ್ಧ ಒಪ್ಪಂದದ ನಮೂನೆ ನಕಲಿಸುವವರು ಎಡವುವುದು ಇಲ್ಲೇ. ಜಿಪಿಎಲ್ ಬಿಲ್ಡಿಗೆ ಲಿಂಕ್ ಮಾಡಿ ಹಂಚಿದರೆ ನಿಮ್ಮ ಆ್ಯಪ್‌ನ ಸೋರ್ಸೂ ಜಿಪಿಎಲ್ ಅಡಿಯಲ್ಲಿ ಹೋಗಬೇಕು. ಎಚ್.264 ಪೇಟೆಂಟ್ ಬೇರೆಯೇ ವಿಷಯ, ಲೈಸೆನ್ಸ್ ಸರಿಯಿದ್ದ ಮಾತ್ರಕ್ಕೆ ಅದು ಬಗೆಹರಿಯುವುದಿಲ್ಲ.

ಪ್ರಶ್ನೆ: ಫೆಡೋರಾ ಲಿನಕ್ಸಿಗೆ ಒಂದು ಪ್ಯಾಕೇಜ್ ತಯಾರಿಸುತ್ತಿದ್ದೇನೆ. ‘ಕಾಪಿಯಿಂಗ್’ ಫೈಲಿನಲ್ಲಿ ಜಿಪಿಎಲ್ 2 ಇದೆ, ಕೆಲವು ಸೋರ್ಸ್ ಫೈಲುಗಳು ಎಂಐಟಿ. ಜಿಪಿಎಲ್ ಎಲ್ಲವನ್ನೂ ನುಂಗುತ್ತದೆ ಎಂದು ಪ್ಯಾಕೇಜಿನ ಲೈಸೆನ್ಸ್ ಸಾಲಿನಲ್ಲಿ ಅದೊಂದನ್ನೇ ಬರೆದರೆ ಸಾಕೆ?
— ಓದುಗರು, ಮಂಗಳೂರು

ಉತ್ತರ: ಸಾಲದು. ಒಟ್ಟು ಪರಿಣಾಮ ಏನೆಂದು ಲೆಕ್ಕ ಹಾಕಬೇಡಿ, ಬೈನರಿಯೊಳಗೆ ಹೋದ ಸೋರ್ಸಿನ ಲೈಸೆನ್ಸುಗಳನ್ನೆಲ್ಲ ಎಣಿಸಿ ಬರೆಯಿರಿ ಎಂಬುದು ಫೆಡೋರಾ ನಿಯಮ. ಎಸ್‌ಪಿಡಿಎಕ್ಸ್ (ಲೈಸೆನ್ಸುಗಳ ಪ್ರಮಾಣಿತ ಪಟ್ಟಿ) ಹೆಸರುಗಳ ನಡುವೆ ‘ಆ್ಯಂಡ್’ ಹಾಕಿ. ಲೇಖಕರೇ ಎರಡರಲ್ಲೊಂದು ಆರಿಸಿಕೊಳ್ಳಿ ಎಂದಿದ್ದರೆ ಮಾತ್ರ ‘ಆರ್’. ಆ ಆಯ್ಕೆಯನ್ನು ನೀವು ಮಾಡದೆ ಹಾಗೇ ಉಳಿಸಿ. ಬಿಲ್ಡಿಗಷ್ಟೇ ಬೇಕಾದ ‘ಇನ್‌ಸ್ಟಾಲ್-ಎಸ್‌ಎಚ್’ನಂಥ ಸ್ಕ್ರಿಪ್ಟುಗಳು ಈ ಸಾಲಿಗೆ ಬರುವುದಿಲ್ಲ. ಡೆಬಿಯನ್ ಲಿನಕ್ಸ್ ಹಾಗಲ್ಲ, ಅಲ್ಲಿನ ಕಾಪಿರೈಟ್ ಫೈಲು ಬೈನರಿಯನ್ನಲ್ಲ, ಸೋರ್ಸನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಜಿಪಿಎಲ್ ‘2 ಮಾತ್ರ’ವೋ ‘2 ಅಥವಾ ನಂತರದ್ದು’ವೋ ಎಂಬುದನ್ನು ‘ಕಾಪಿಯಿಂಗ್’ ಹೇಳುವುದಿಲ್ಲ. ಎರಡಕ್ಕೂ ಪಠ್ಯ ಒಂದೇ. ಪ್ರತಿ ಸೋರ್ಸ್ ಫೈಲಿನ ತಲೆಯಲ್ಲಿರುವ ಕಾಮೆಂಟನ್ನು ಓದಬೇಕು. ‘ಆಯ್ಕೆ ನಿಮ್ಮದು, ನಂತರದ ಯಾವುದೇ ಆವೃತ್ತಿ’ ಎಂಬ ಅರ್ಥದ ತುಣುಕು ಅಲ್ಲಿದೆಯೇ ನೋಡಿ. ಅಪಾಚೆ 2.0 ಕೋಡನ್ನೂ ಕೂಡಿಸಿದ್ದಾರಾದರೆ ಈ ಒಂದು ತುಣುಕಿನ ಮೇಲೆ ಎಲ್ಲ ನಿಂತಿರುತ್ತದೆ: ‘ಮಾತ್ರ’ ಎಂದಿದ್ದರೆ ಹಂಚುವ ಹಾಗಿಲ್ಲ, ಮೂಲ ಲೇಖಕರನ್ನು ಕೇಳಲೇಬೇಕು.

ಮೊದಲ ಸುತ್ತಿಗೆ ‘ಲೈಸೆನ್ಸ್‌ಚೆಕ್’ ಉಪಕರಣ ಸಾಕು. ಆದರೆ ತಾನಾಗಿ ಅದು ನೋಡುವುದು ಫೈಲಿನ ಮೊದಲ 60 ಸಾಲು ಮತ್ತು ಬಾಲದ ಸ್ವಲ್ಪ ಭಾಗ. 400ನೇ ಸಾಲಿನಲ್ಲಿ ಯಾರೋ ಬೇರೆ ಕಡೆಯಿಂದ ತಂದಿಟ್ಟ ಒಂದು ಫಂಕ್ಷನ್, ಅದರ ಮೇಲೊಂದು ಬಿಎಸ್‌ಡಿ ಸೂಚನೆ ಇದ್ದರೆ ಅದರ ಕಣ್ಣಿಗೆ ಬೀಳುವುದಿಲ್ಲ. ‘ಕಾಪಿರೈಟ್’ ಪದವನ್ನು ಇಡೀ ಸೋರ್ಸಿನಲ್ಲಿ ಗ್ರೆಪ್ ಆಜ್ಞೆಯಿಂದ ಹುಡುಕಿ ಎರಡೂ ಪಟ್ಟಿ ಹೋಲಿಸಿ.

ಪ್ರಶ್ನೆ: ಕೆಲವು ಫೈಲುಗಳಲ್ಲಿ ಲೈಸೆನ್ಸೇ ಇಲ್ಲ. ಅವು ಮುಕ್ತವೇ?
— ಓದುಗರು, ಶಿವಮೊಗ್ಗ

ಉತ್ತರ: ಪ್ರಾಜೆಕ್ಟಿನವರೇ ಬರೆದದ್ದಾದರೆ ಮೇಲಿನ ಫೋಲ್ಡರಿನ ಲೈಸೆನ್ಸ್ ಅನ್ವಯಿಸುತ್ತದೆಂದು ಸಾಮಾನ್ಯವಾಗಿ ಹಿಡಿಯಬಹುದು. ಹೊರಗಿನಿಂದ ಬಂದದ್ದಾದರೆ ಇಲ್ಲ: ಲೈಸೆನ್ಸ್ ಕಾಣದಿದ್ದರೆ ಅನುಮತಿಯೂ ಇಲ್ಲ. ಭಾರತದ 1957ರ ಕಾಪಿರೈಟ್ ಕಾಯ್ದೆಯಲ್ಲೂ ಕಂಪ್ಯೂಟರ್ ಪ್ರೋಗ್ರಾಂ ಸಾಹಿತ್ಯ ಕೃತಿಯೇ, ಹಕ್ಕು ಬರೆದವರದು. ಗಿಟ್ ಇತಿಹಾಸದಲ್ಲಿ ಆ ಫೈಲು ಮೊದಲು ಸೇರಿದ ಕಮಿಟ್ (ಬದಲಾವಣೆಯ ದಾಖಲೆ) ಹುಡುಕಿ, ಮೂಲ ಪತ್ತೆಹಚ್ಚಿ, ಬರೆದವರಿಂದ ಲಿಖಿತ ಉತ್ತರ ಪಡೆಯಿರಿ. ಉತ್ತರ ಬಾರದಿದ್ದರೆ ಆ ಫೈಲನ್ನು ತೆಗೆದು ಹೊಸದಾಗಿ ಬರೆಯಿರಿ.