ಓದುಗರ ಪ್ರಶ್ನೆ: ಮೆಟೀರಿಯಲ್ಸ್ ಪೇಪರು ಎಷ್ಟು ಓದಿದ್ರೂ ಯಾಕೆ ತಲೇಲಿ ಉಳಿಯಲ್ಲ?

ಪ್ರಶ್ನೆ: ಸರ್, ನಾನು ಮೆಕ್ಯಾನಿಕಲ್ ಎರಡನೇ ವರ್ಷ. ಎಂಜಿನಿಯರಿಂಗ್ ಮೆಟೀರಿಯಲ್ಸ್, ಮ್ಯಾನುಫ್ಯಾಕ್ಚರಿಂಗ್ ಪ್ರೋಸೆಸ್ ಎರಡೂ ಪೇಪರ್ ಒಟ್ಟಿಗೇ ಇದೆ. ಐರನ್-ಕಾರ್ಬನ್ ಡಯಾಗ್ರಾಮ್ (ಎಷ್ಟು ಕಾರ್ಬನ್, ಎಷ್ಟು ಉಷ್ಣತೆಗೆ ಉಕ್ಕು ಯಾವ ರೂಪದಲ್ಲಿರತ್ತೆ ಅಂತ ತೋರಿಸೋ ನಕ್ಷೆ) ಎಷ್ಟು ಸಲ ಬರೆದ್ರೂ ವಾರ ಕಳೆಯೋಷ್ಟ್ರಲ್ಲಿ ಮರೆತೋಗತ್ತೆ. ಕಾಸ್ಟಿಂಗ್, ಫೋರ್ಜಿಂಗ್, ವೆಲ್ಡಿಂಗ್ ಎಲ್ಲಾದಕ್ಕೂ ಅನುಕೂಲ ಅನಾನುಕೂಲ ಅಂತ ಪಟ್ಟಿ, ಎಲ್ಲಾ ಒಂದೇ ಥರ ಕಾಣತ್ತೆ. ಇದನ್ನ ಅರ್ಥ ಮಾಡ್ಕೊಂಡು ಓದೋಕಾಗತ್ತಾ, ಇಲ್ಲಾ ಬಾಯಿಪಾಠಾನೇ ಗತಿನಾ?

ಉತ್ತರ: ಖಂಡಿತ ಆಗತ್ತೆ. ನೀವು ಎರಡು ಪೇಪರನ್ನ ಎರಡು ನೋಟ್‌ಬುಕ್‌ನಲ್ಲಿ ಬೇರೆ ಬೇರೆ ಓದ್ತಿದೀರಿ, ತೊಂದರೆ ಇರೋದು ಅಲ್ಲೇ. ಒಂದು ವಸ್ತು ಆರಿಸ್ಕೊಳ್ಳಿ, ಕುಲುಮೆಯಿಂದ ಕೈಗೆ ಬರೋವರೆಗೂ ಅದರ ಹಿಂದೇನೇ ಹೋಗಿ, ಪ್ರತಿ ಹಂತದಲ್ಲೂ ಲೋಹದ ಒಳಗಡೆ ಏನು ಬದಲಾಯ್ತು ಅಂತ ಕೇಳ್ಕೊಳ್ಳಿ. ನಾನು ಪಾಠ ಮಾಡುವಾಗ ಯಾವಾಗ್ಲೂ ಸ್ಪ್ಯಾನರ್ ತಗೋತೀನಿ.

ಸ್ಪ್ಯಾನರ್‌ಗೆ ಸುಮಾರು 0.4 ಶೇಕಡ ಕಾರ್ಬನ್ ಇರೋ ಉಕ್ಕು ಅಂತ ಇಟ್ಕೊಳ್ಳಿ. ಫೋರ್ಜಿಂಗ್‌ಗೆ ಮೊದಲು ಅದನ್ನ 1200 ಡಿಗ್ರಿ ಹತ್ರ ಕಾಯಿಸ್ತಾರೆ. ಕಬ್ಬಿಣ ಕಾದಾಗಲೇ ಬಡೀಬೇಕು ಅಂತ ಗಾದೆ ಇದೆಯಲ್ಲ, ಅದರ ಕಾರಣ ನಿಮ್ಮ ಡಯಾಗ್ರಾಮ್‌ನಲ್ಲೇ ಇದೆ. ಶುದ್ಧ ಕಬ್ಬಿಣ 912 ಡಿಗ್ರಿ ದಾಟಿದ್ರೆ ಬಿಸಿಸಿ ರಚನೆ (ಘನದ ಮೂಲೆಗಳಲ್ಲೂ ನಟ್ಟನಡುವೆಯೂ ಪರಮಾಣು) ಬಿಟ್ಟು ಎಫ್‌ಸಿಸಿ (ಮೂಲೆಗಳಲ್ಲೂ ಪ್ರತಿ ಮುಖದ ನಡುವೆಯೂ ಪರಮಾಣು) ಆಗತ್ತೆ, ಅದೇ ಆಸ್ಟೆನೈಟ್. ಕಾರ್ಬನ್ ಸೇರಿದಷ್ಟೂ ಈ ಬದಲಾವಣೆ ಇನ್ನೂ ಕಮ್ಮಿ ಉಷ್ಣತೇಲೇ ಆಗತ್ತೆ. ಅಷ್ಟು ಬಿಸೀಲಿ ಉಕ್ಕು ಮೆತ್ತಗಿರತ್ತೆ, ಬಡಿದ ಹಾಗೇ ಹೊಸ ಗ್ರೇನ್ (ಲೋಹದ ಒಳಗಿನ ಪುಟ್ಟ ಹರಳು) ಹುಟ್ತಾ ಹೋಗತ್ತೆ, ಹಾಗಾಗಿ ಎಷ್ಟು ಬಡಿದ್ರೂ ಗಡುಸಾಗಿ ಬಿರುಕು ಬಿಡಲ್ಲ.

ಈಗ ತಣ್ಣಗಾಗೋದು, ಇದೇ ಮುಖ್ಯ, ಇಲ್ಲಿ ನಿಧಾನ ಮಾಡಿ. ಆಸ್ಟೆನೈಟ್ ಒಳಗೆ ಕಾರ್ಬನ್‌ಗೆ ಜಾಗ ಧಾರಾಳ, 1147 ಡಿಗ್ರಿಯಲ್ಲಿ 2.14 ಶೇಕಡದವರೆಗೂ ಹಿಡಿಸತ್ತೆ. ಫೆರೈಟ್‌ನಲ್ಲಿ, ಅಂದ್ರೆ ತಣ್ಣಗಾದ ಮೇಲಿನ ಬಿಸಿಸಿ ಕಬ್ಬಿಣದಲ್ಲಿ, 727 ಡಿಗ್ರಿಗೆ ಹಿಡಿಸೋದು ಬರೀ 0.02. ನಿಧಾನಕ್ಕೆ ತಣ್ಣಗಾದ್ರೆ ಕಾರ್ಬನ್ ಹೊರಗೆ ಸರಿದು ಸಿಮೆಂಟೈಟ್ (ಕಬ್ಬಿಣ-ಕಾರ್ಬನ್ ಸಂಯುಕ್ತ) ಪದರ ಕಟ್ಟತ್ತೆ, ಫೆರೈಟ್ ಪದರ ಸಿಮೆಂಟೈಟ್ ಪದರ ಒಂದರ ಪಕ್ಕ ಒಂದು ಕೂತಿರೋದೇ ಪರ್ಲೈಟ್. ಎಷ್ಟು ಪರ್ಲೈಟ್ ಅಂತ ಲೀವರ್ ರೂಲ್ (ಯಾವ ರೂಪ ಎಷ್ಟು ಪಾಲು ಅಂತ ಹೇಳೋ ಲೆಕ್ಕ) ಹಾಕಿ, 0.76 ಶೇಕಡ ಕಾರ್ಬನ್ ಇದ್ರೆ ಪೂರ್ತಿ ಪರ್ಲೈಟ್ ಅಂತ ನೆನಪಿಟ್ಕೊಂಡು: 0.40ರಲ್ಲಿ 0.02 ಕಳೆದು, ಅದನ್ನ 0.76ರಲ್ಲಿ 0.02 ಕಳೆದಿದ್ದರಿಂದ ಭಾಗಿಸಿದ್ರೆ 0.51, ಅಂದ್ರೆ ಹೆಚ್ಚುಕಮ್ಮಿ ಅರ್ಧ. (ಕೆಲವು ಪುಸ್ತಕದಲ್ಲಿ 0.76 ಬದಲು 0.8 ಅಂತ ಇರತ್ತೆ, ಗಾಬರಿ ಬೇಡ, ನಿಮ್ಮ ಪಠ್ಯದಲ್ಲಿರೋದನ್ನೇ ಬಳಸಿ.)

ಅದೇ ಉಕ್ಕನ್ನ 850 ಡಿಗ್ರಿ ಹತ್ರ ಕಾಯಿಸಿ ನೀರಿಗೋ ಎಣ್ಣೆಗೋ ಅದ್ದಿದ್ರೆ? ಕಾರ್ಬನ್‌ಗೆ ಹೊರಗೆ ಸರಿಯೋಕೆ ಟೈಮೇ ಸಿಗಲ್ಲ, ಒಳಗೇ ಸಿಕ್ಕಿಹಾಕ್ಕೊಂಡು ರಚನೇನ ಎಳೆದು ಬಿಗಿ ಮಾಡತ್ತೆ, ಅದು ಮಾರ್ಟೆನ್ಸೈಟ್. ತುಂಬಾ ಗಡುಸು, ಆದ್ರೆ ಒಂದು ಏಟಿಗೆ ಪುಡಿಯಾಗೋ ಅಂಥದ್ದು. ಅದಕ್ಕೇ ಮತ್ತೆ 200ರಿಂದ 650 ಡಿಗ್ರಿ ಒಳಗೆ ಕಾಯಿಸಿ ಹದ ಮಾಡೋದು, ಅದೇ ಟೆಂಪರಿಂಗ್. ಅದೇ ಕಬ್ಬಿಣ ಅದೇ ಕಾರ್ಬನ್, ತಣ್ಣಗಾದ ವೇಗ ಬೇರೆ ಆಗಿದ್ದಕ್ಕೆ ಗುಣಾನೇ ಬೇರೆ. ಇಷ್ಟಾದ್ರೂ ಯಂಗ್ಸ್ ಮಾಡ್ಯುಲಸ್ (ಎಳೆದ್ರೆ ಎಷ್ಟು ಕಮ್ಮಿ ಹಿಗ್ಗತ್ತೆ ಅನ್ನೋ ಸ್ಟಿಫ್‌ನೆಸ್ ಅಳತೆ) ಮಾತ್ರ ಎಲ್ಲಾದರಲ್ಲೂ ಸುಮಾರು 200 ಗಿಗಾಪಾಸ್ಕಲ್ಲೇ, ಯಾಕಂದ್ರೆ ಅದು ಪರಮಾಣುಗಳ ನಡುವಿನ ಬಂಧದ ಮೇಲೆ ನಿಂತಿದೆ. ಗಡುಸಾದ್ರೆ ಸ್ಟಿಫ್ ಆಯ್ತು ಅಂತ ಬರೆದು ಎಷ್ಟೋ ಜನ ಇಲ್ಲಿ ಮಾರ್ಕ್ಸ್ ಕಳ್ಕೋತಾರೆ.

ಈಗ ವೆಲ್ಡಿಂಗ್ ಚಾಪ್ಟರ್ ತೆಗೀರಿ. ದಪ್ಪ ಉಕ್ಕಿಗೆ ವೆಲ್ಡ್ ಮಾಡೋ ಮುಂಚೆ ಪ್ರೀಹೀಟ್ ಮಾಡ್ಬೇಕು ಅಂತ ಒಂದು ಸಾಲು ಇರತ್ತೆ. ಯಾಕೆ? ವೆಲ್ಡ್ ಪಕ್ಕದ ಜಾಗ ಕೆಂಪಗೆ ಕಾಯತ್ತೆ, ಸುತ್ತಲಿರೋ ತಣ್ಣನೆ ಲೋಹ ಆ ಬಿಸೀನ ಸರಕ್ಕಂತ ಎಳ್ಕೊಳ್ಳತ್ತೆ, ನೀರಿಗೆ ಅದ್ದದೇನೇ ಅಲ್ಲಿ ಮಾರ್ಟೆನ್ಸೈಟ್ ಆಗಿ ಬಿರುಕು ಬಿಡಬಹುದು. ಸ್ಪ್ಯಾನರ್‌ನಲ್ಲಿ ಬೇಕು ಅಂತ ಮಾಡಿದ್ದೇ ಇಲ್ಲಿ ಬೇಡವಾಗಿದೆ. ಇದು ಹೊಳೆದ ಮೇಲೆ ಆ ಸಾಲನ್ನ ಬಾಯಿಪಾಠ ಮಾಡೋ ಅಗತ್ಯ ಬೀಳಲ್ಲ.

ಪ್ರಶ್ನೆ: ಹಾಟ್ ವರ್ಕಿಂಗ್, ಕೋಲ್ಡ್ ವರ್ಕಿಂಗ್ ಅಂತಾರಲ್ಲ, ಎಷ್ಟು ಡಿಗ್ರಿ ಮೇಲೆ ಹಾಟ್? ಪುಸ್ತಕದಲ್ಲಿ ಒಂದು ಸಂಖ್ಯೆ ಸಿಗ್ತಾ ಇಲ್ಲ.

ಉತ್ತರ: ಎಲ್ಲಾ ಲೋಹಕ್ಕೂ ಒಂದೇ ಸಂಖ್ಯೆ ಇಲ್ಲ, ಅದಕ್ಕೇ ಸಿಕ್ಕಿಲ್ಲ. ಲೋಹ ರೀಕ್ರಿಸ್ಟಲೈಸ್ ಆಗೋ, ಅಂದ್ರೆ ಒಳಗೆ ಹೊಸ ಗ್ರೇನ್ ಹುಟ್ಟೋ ಉಷ್ಣತೆಗಿಂತ ಮೇಲೆ ಆಕಾರ ಕೊಟ್ರೆ ಹಾಟ್, ಕೆಳಗೆ ಕೊಟ್ರೆ ಕೋಲ್ಡ್. ಆ ಉಷ್ಣತೆ ಸಾಮಾನ್ಯವಾಗಿ ಕರಗೋ ಬಿಂದುವಿನ 0.3ರಿಂದ 0.5 ಪಾಲು, ಕೆಲ್ವಿನ್ ಲೆಕ್ಕದಲ್ಲಿ, ಸೆಲ್ಸಿಯಸ್‌ನಲ್ಲಿ ಹಾಕಿದ್ರೆ ಉತ್ತರ ಪೂರ್ತಿ ತಪ್ಪಾಗತ್ತೆ. ಸೀಸ ಕರಗೋದು 327 ಡಿಗ್ರಿಗೆ, ಅಂದ್ರೆ 600 ಕೆಲ್ವಿನ್, ನಾವು ಕೂತಿರೋ ರೂಮಿನ 300 ಕೆಲ್ವಿನ್ ಅದರ ಅರ್ಧ. ಹಾಗಾಗಿ ಸೀಸವನ್ನ ಬರಿಗೈಯಲ್ಲಿ ಬಗ್ಗಿಸಿದ್ರೂ ಅದು ಹಾಟ್ ವರ್ಕಿಂಗೇ! ಟಂಗ್‌ಸ್ಟನ್ ಕರಗೋದು 3422 ಡಿಗ್ರಿಗೆ, ಅದನ್ನ 1000 ಡಿಗ್ರಿಗೆ ಕೆಂಪಗೆ ಕಾಯಿಸಿ ಎಳೆದ್ರೂ ಕೋಲ್ಡ್ ವರ್ಕಿಂಗೇ. ಒಂದು ತಾಮ್ರದ ತಂತಿ ತಗೊಂಡು ನಾಲ್ಕೈದು ಸಲ ಅದೇ ಜಾಗದಲ್ಲಿ ಬಗ್ಗಿಸಿ ನೋಡಿ, ಪ್ರತಿ ಸಲ ಗಟ್ಟಿಯಾಗ್ತಾ ಹೋಗೋದು ಬೆರಳಿಗೇ ಗೊತ್ತಾಗತ್ತೆ, ಅದೇ ವರ್ಕ್ ಹಾರ್ಡನಿಂಗ್.

ಪ್ರಶ್ನೆ: ರೈಸರ್ (ಎರಕದ ಅಚ್ಚಿನಲ್ಲಿ ಹೆಚ್ಚುವರಿ ಕರಗಿದ ಲೋಹ ಹಿಡಿಯೋ ಜಾಗ) ಡಿಸೈನ್ ಲೆಕ್ಕ ಸೂತ್ರಕ್ಕೆ ಹಾಕಿ ಮಾಡ್ತೀನಿ, ಉತ್ತರ ಬರತ್ತೆ, ಆದ್ರೆ ಏನು ಮಾಡಿದೆ ಅಂತ ಗೊತ್ತಾಗಲ್ಲ ಸರ್.

ಉತ್ತರ: ಸೂತ್ರ ಪಕ್ಕಕ್ಕಿಡಿ, ಮೊದಲು ಎರಡು ಎರಕದ ತುಂಡು ಬರ್ಕೊಳ್ಳಿ. ಒಂದು 6 ಸೆಂಟಿಮೀಟರ್ ಘನ, ಇನ್ನೊಂದು 18, 6, 2 ಸೆಂಟಿಮೀಟರ್ ಅಳತೆಯ ಹಲಗೆ. ಎರಡರ ಗಾತ್ರಾನೂ 216 ಘನ ಸೆಂಟಿಮೀಟರ್, ಆದ್ರೆ ಮೇಲ್ಮೈ ಘನದ್ದು 216, ಹಲಗೇದು 312 ಚದರ ಸೆಂಟಿಮೀಟರ್. ಬಿಸಿ ಹೊರಗೆ ಹೋಗೋ ಬಾಗಿಲು ಮೇಲ್ಮೈ ತಾನೆ, ಹಲಗೇಲಿ ಬಾಗಿಲು ಜಾಸ್ತಿ. ಗಟ್ಟಿಯಾಗೋ ಸಮಯ ಗಾತ್ರ ಭಾಗಿಸು ಮೇಲ್ಮೈ, ಅದರ ವರ್ಗಕ್ಕೆ ತಕ್ಕಂತೆ ಇರತ್ತೆ ಅನ್ನೋದೇ ಖ್ವೊರಿನೋವ್ ನಿಯಮ. ಲೆಕ್ಕ ಹಾಕಿದ್ರೆ ಹಲಗೆ ಘನಕ್ಕಿಂತ ಅರ್ಧಕ್ಕೂ ಕಮ್ಮಿ ಸಮಯದಲ್ಲಿ ಗಟ್ಟಿಯಾಗತ್ತೆ. ಹೆಚ್ಚಿನ ಲೋಹಗಳು ಗಟ್ಟಿಯಾಗ್ತಾ ಕುಗ್ಗತ್ವೆ, ಆ ಖಾಲಿ ಜಾಗಕ್ಕೆ ಕರಗಿದ ಲೋಹ ಕೊಡ್ತಾ ಇರೋಕೆ ರೈಸರ್ ಎರಕಕ್ಕಿಂತ ಕೊನೇಲಿ ಗಟ್ಟಿಯಾಗ್ಬೇಕು, ನೀವು ಲೆಕ್ಕದಲ್ಲಿ ಹುಡುಕ್ತಿದ್ದಿದ್ದು ಅದನ್ನೇ. ಗ್ರೇ ಕಾಸ್ಟ್ ಐರನ್‌ಗೆ ಮಾತ್ರ ರೈಸರ್ ಅಷ್ಟು ದೊಡ್ಡದು ಬೇಕಾಗಲ್ಲ. ಗಟ್ಟಿಯಾಗುವಾಗ ಹುಟ್ಟೋ ಗ್ರಾಫೈಟ್ ಹಿಗ್ಗಿ ಕುಗ್ಗಿದ ಜಾಗಾನ ಬಹುಪಾಲು ತುಂಬಿಬಿಡತ್ತೆ, ಅಲ್ಲಿಗೆ ನೀವು ವಾಪಸ್ ಐರನ್-ಕಾರ್ಬನ್ ಡಯಾಗ್ರಾಮ್‌ನ ಬಲಭಾಗಕ್ಕೆ, 4.3 ಶೇಕಡ ಕಾರ್ಬನ್ ಹತ್ರಕ್ಕೆ ಬಂದಿರ್ತೀರಿ.